ಸಹಾಯ ಬೇಕು: ನಲಿ-ಕಲಿ ಟೀಚರ್‌ಗಳ ದನಿ ಉಳಸಬೇಕಾಗೇದ (ಹಾವೇರಿ, ಗದಗ)

1ರಿಂದ 3ನೇತ್ತೆ ಹುಡುಗರು ಒಟ್ಟಿಗೆ ಕೂಡೋ ನಲಿ-ಕಲಿ ಖೋಲಿಯೊಳಗ ಟೀಚರ್ ದನಿ ಮಧ್ಯಾಹ್ನಕ್ಕನ ಒಡೀತದ. ದನಿ ಹೋತಂದ್ರ ಕಲಿಸೋ ಖುಷಿನೂ ಹೋತು. ತಗಡಿನ ಮಾಡು, ಬರೀ ಗೋಡೆ ಸದ್ದು ತಿರುಗಿಸಿ ಹೊಡೀತಾವ. ಗದ್ದಲ ಏರಿದಂಗ ನಮ್ಮ ದನಿನೂ ತಾನ ಏರತದ.

ಅದಕ್ಕ ಹಳೇ ದಪ್ಪ ಕೌದಿ ಇದ್ರ ಕೊಡ್ರಿ. ಹಿಂದಿನ ಗೋಡೆಯಿಂದ ಎರಡು-ಮೂರು ಇಂಚು ಬಿಟ್ಟು ತೂಗಹಾಕಿದ್ರ, ಅಂಟಿಸಿ ಕಟ್ಟಿದ್ದಕ್ಕಿಂತ ಮಾರ್ದನಿ ಕಡಿಮಿ ಆಗ್ತದ.

ಸೊಂಟಕ್ಕ ಕಟ್ಟೋ ಸಣ್ಣ ಸ್ಪೀಕರ್, ತಲಿಗೆ ಹಾಕೋ ಮೈಕ್ ಬಳಸಿದವ್ರು ಯಾವುದು ಬಾಳಿಕಿ ಬರ್ತದ ಹೇಳ್ರಿ. ಮೈಕ್ ಬಾಯಿ ಮುಂದ ಬ್ಯಾಡ, ತುಟಿ ಅಂಚಿನ ಬಾಜೂಕ ಇರಬೇಕು, ಇಲ್ಲಂದ್ರ ಉಸಿರು ಬಡೀತದ.

ಬಿಗಿಹಿಡಿದು ಪಿಸುಗುಟ್ಟೋದು ವಿಶ್ರಾಂತಿ ಅಲ್ಲ, ಅದೂ ಗಂಟಲಿಗೆ ಹೊರಿನ. ಮೂರು ವಾರ ದನಿ ಸರಿಹೋಗದವ್ರು ಕಿವಿ-ಮೂಗು-ಗಂಟಲು ಡಾಕ್ಟರಿಗೆ ತೋರಸಲೇಬೇಕು. ಹುಬ್ಬಳ್ಳಿ-ಧಾರವಾಡದಾಗ ಶನಿವಾರ ಮಧ್ಯಾಹ್ನ ಸಿಗೋ ಸ್ಪೀಚ್ ಥೆರಪಿಸ್ಟ್ ಯಾರರ ಗೊತ್ತಿದ್ರ ತಿಳಸ್ರಿ.