ತೋಟದ ಮಳೆ ಲೆಕ್ಕಕ್ಕೆ ಯಾವ ಆನ್‌ಲೈನ್ ಕೋರ್ಸ್?

ಕಾಫಿಗಿಡ (ಗೋಣಿಕೊಪ್ಪ):
ತೋಟದ ಮಳೆ ಪುಸ್ತಕ 1994ರಿಂದ ಇದೆ, ದಿನಕ್ಕೊಂದು ಸಾಲು, ಇಂಚು-ಸೆಂಟ್ ಲೆಕ್ಕ. ವರ್ಷದ ರೋಬಸ್ಟಾ ಮೂಟೆ ಲೆಕ್ಕವೂ ಉಂಟು. ಎಲ್ಲ ಎಕ್ಸೆಲ್‌ಗೆ ಏರಿಸಿಯಾಗಿದೆ. ಏಪ್ರಿಲ್‌ನಲ್ಲೇ ಫಸಲು ಅಂದಾಜು ಮಾಡಬೇಕು. ನೇರ ಮೆಷಿನ್ ಲರ್ನಿಂಗ್ (ಹಳೆಯ ಅಂಕಿಗಳಿಂದ ಕಂಪ್ಯೂಟರೇ ಕಲಿತು ಅಂದಾಜು ಮಾಡುವುದು) ಕೋರ್ಸಿಗೆ ಸೇರಬಹುದಾ? ಪೈಥಾನ್ ಪ್ರೋಗ್ರಾಮಿಂಗ್ ಅಷ್ಟಕ್ಕಷ್ಟೇ.

ಸರಾಸರಿ:
ಬೇಡ. ಮಳೆಯದ್ದು ಹತ್ತು ಸಾವಿರ ಸಾಲಿದ್ದರೂ ಫಸಲು ವರ್ಷಕ್ಕೊಂದೇ ಅಂಕಿ, ಅಂದರೆ ನಿಮ್ಮ ಹತ್ತಿರ ಇರುವುದು ಮೂವತ್ತು ಚಿಲ್ಲರೆ ಸಾಲು. ಇಷ್ಟಕ್ಕೆ ನ್ಯೂರಲ್ ನೆಟ್‌ವರ್ಕ್ (ಬಹಳ ಅಂಕಿ ಬೇಡುವ ಮೆಷಿನ್ ಲರ್ನಿಂಗ್ ವಿಧಾನ) ಕೊಟ್ಟರೆ ಹಳೆಯದನ್ನು ಬಾಯಿಪಾಠ ಮಾಡುತ್ತದೆ, ಮುಂದಿನ ವರ್ಷ ಕೈಕೊಡುತ್ತದೆ. ಎನ್‌ಪಿಟಿಇಎಲ್‌ನಲ್ಲಿ (ಐಐಟಿಗಳ ಆನ್‌ಲೈನ್ ಪಾಠ) ಮೂಲ ಸಂಖ್ಯಾಶಾಸ್ತ್ರ, ರಿಗ್ರೆಶನ್ (ಒಂದು ಅಂಕಿಯಿಂದ ಇನ್ನೊಂದನ್ನು ಅಂದಾಜಿಸುವ ಲೆಕ್ಕ) ಮುಗಿಸಿ. ಜೊತೆಗೆ ಪಾಂಡಾಸ್ (ಶೀಟ್‌ಗಳನ್ನು ಓದುವ ಪೈಥಾನ್ ಲೈಬ್ರರಿ) ಕಲಿಯಿರಿ. ಕೋರ್ಸೆರಾದ ಆಂಡ್ರ್ಯೂ ಇಂಗ್ ಮೆಷಿನ್ ಲರ್ನಿಂಗ್ ಕೋರ್ಸ್ ಆಮೇಲೆ. ಅದರಲ್ಲೂ 2022ರ ಪೈಥಾನ್ ಆವೃತ್ತಿಯನ್ನೇ ನೋಡಿ, ಹಳೆಯದರ ಅಭ್ಯಾಸವೆಲ್ಲ ಆಕ್ಟೇವ್ ಎಂಬ ಬೇರೆ ಭಾಷೆಯಲ್ಲಿತ್ತು.

ಹೂಮಳೆ (ಸೋಮವಾರಪೇಟೆ):
ಕೋರ್ಸ್ ಯಾವುದಾದರೂ ಸರಿ, ಮೊದಲು ಶೀಟ್ ನೋಡಿಕೊಳ್ಳಿ. ಖಾಲಿ ಕೋಣೆಗೆ ಕಣ್ಣುಮುಚ್ಚಿ ಸೊನ್ನೆ ತುಂಬಬೇಡಿ: ಮಳೆ ಬರದ ದಿನ ಬೇರೆ, ಬರೆಯದ ದಿನ ಬೇರೆ. 03/04 ಎಂದಿದ್ದರೆ ಪಾಂಡಾಸ್ ಅದನ್ನು ಮಾರ್ಚ್ 4 ಎಂದು ಓದುತ್ತದೆ. ದಿನ ಮೊದಲು ಎಂದು ಹೇಳಿಕೊಡಬೇಕು. 100 ಸೆಂಟ್ ಒಂದು ಇಂಚು, ಒಂದು ಇಂಚು 25.4 ಮಿ.ಮೀ. 1 ಇಂಚು 5 ಸೆಂಟ್ ಅಂದರೆ 1.05, ಅದು 1.5 ಆಗಿ ಕೂತಿರುವುದು ಬಹಳ.

ಇನ್ನೊಂದು, ಸ್ಪ್ರಿಂಕ್ಲರ್‌ನಿಂದ ನೀರು ಹಾಯಿಸಿದ ವರ್ಷಗಳಿಗೆ ಬೇರೆ ಕಾಲಂ ಇಡಿ. ಇಲ್ಲದಿದ್ದರೆ ಹೂಮಳೆಯೇ (ಕಾಫಿ ಹೂ ಅರಳಿಸುವ ಮಳೆ) ಇಲ್ಲದೆ ಫಸಲು ಬಂತೆಂದು ಮಾಡೆಲ್ ತಿಳಿಯುತ್ತದೆ.

ಕಾಫಿಗಿಡ:
ಸ್ಪ್ರಿಂಕ್ಲರ್ ವಿಷಯ ತಲೆಗೇ ಬಂದಿರಲಿಲ್ಲ. ಪರೀಕ್ಷೆಗೆ ಸಾಲುಗಳನ್ನು ಹೇಗೆ ಬೇರ್ಪಡಿಸಲಿ? ಕೋರ್ಸುಗಳಲ್ಲಿ ಸಾಲುಗಳನ್ನು ಕಲಸಿ ಕಲಿಸಲು 80, ಪರೀಕ್ಷೆಗೆ 20 ಭಾಗ ಮಾಡುತ್ತಾರಲ್ಲ.

ಸರಾಸರಿ:
ಕಲಸಬೇಡಿ. ಹಳೆಯ ವರ್ಷಗಳಲ್ಲಿ ಕಲಿಸಿ, ಕೊನೆಯ ಆರೇಳು ವರ್ಷದಲ್ಲಿ ಪರೀಕ್ಷಿಸಿ. 2023ರ ಮಾರ್ಚ್ ಹೂವಿನ ಹಣ್ಣು ಕೊಯ್ಯುವುದು 2024ರ ಆರಂಭದಲ್ಲಿ, ಹಾಗಾಗಿ ಮಳೆಗೂ ಮೂಟೆಗೂ ವರ್ಷ ಹೊಂದಿಸಿಕೊಳ್ಳಿ. ಏಪ್ರಿಲ್‌ನ ಅಂದಾಜಿಗೆ ಆಗಿನ್ನೂ ಬಾರದ ಜುಲೈ ಮಳೆ ಸೇರಿತೋ, ಅಂಕ ಚೆನ್ನಾಗಿ ಬರುತ್ತದೆ, ಉಪಯೋಗ ಸೊನ್ನೆ. ಒಂದು ವರ್ಷ ಹೆಚ್ಚು, ಮರುವರ್ಷ ಕಡಿಮೆ ಬಿಡುವ ಗಿಡ ಇದು. ಹಿಂದಿನ ಎರಡು ವರ್ಷದ ಸರಾಸರಿಯನ್ನೂ ಸೋಲಿಸದ ಮಾಡೆಲನ್ನು ಬಿಟ್ಟುಬಿಡಿ.

ಬ್ಯಾಕ್‌ಬೆಂಚ್ (ಮಡಿಕೇರಿ):
ಸರ್ಟಿಫಿಕೇಟ್ ಬೇಕಿದ್ದರೆ ಮಾತ್ರ: ಎನ್‌ಪಿಟಿಇಎಲ್‌ನಲ್ಲಿ ಪಾಠ ಉಚಿತ, ಪರೀಕ್ಷೆಗೆ ಶುಲ್ಕ, ಕೇಂದ್ರಕ್ಕೇ ಹೋಗಿ ಬರೆಯಬೇಕು. ಅಸೈನ್‌ಮೆಂಟ್‌ಗೆ 25ರಲ್ಲಿ 10, ಪರೀಕ್ಷೆಗೆ 75ರಲ್ಲಿ 30, ಎರಡೂ ಬರಬೇಕು. ಜುಲೈ ಕಂತಿಗೆ ಸೇರುವವರು ವಿಡಿಯೊ ಮೊದಲೇ ಇಳಿಸಿಟ್ಟುಕೊಳ್ಳಿ, ಆಗಿನ ಕರೆಂಟ್ ಗೊತ್ತೇ ಇದೆಯಲ್ಲ.