ಮರಿ ಇಲಿಯ ಶ್ವಾಸಕೋಶದಲ್ಲಿ ಮ್ಯಾಕ್ರೊಫೇಜ್ ಗುರುತಿಸೋದು: ಅನುಭವ ಇದ್ದವರು ಹೇಳ್ತೀರಾ?

ಪ್ರಶ್ನೆ: ಹೊಸದಾಗಿ ಪಿಎಚ್‌ಡಿ ಸೇರಿದ್ದೇನೆ. ವಿಷಯ ಬಿಪಿಡಿ, ಅಂದ್ರೆ ದಿನ ತುಂಬದೆ ಹುಟ್ಟಿದ ಮಕ್ಕಳಲ್ಲಿ ಶ್ವಾಸಕೋಶದ ಬೆಳವಣಿಗೆ ಕುಂಠಿತವಾಗುವ ಕಾಯಿಲೆ. ಮರಿ ಇಲಿಗಳನ್ನು ಹೆಚ್ಚು ಆಮ್ಲಜನಕದಲ್ಲಿಟ್ಟು ಫ್ಲೋ ಸೈಟೋಮೆಟ್ರಿ (ಕೋಶಗಳ ಮೇಲಿನ ಗುರುತುಗಳಿಗೆ ಹೊಳೆಯುವ ಬಣ್ಣ ಹಾಕಿ ಯಂತ್ರದಲ್ಲಿ ಒಂದೊಂದಾಗಿ ಎಣಿಸೋದು) ಮಾಡ್ತಿದ್ದೇವೆ. ಶ್ವಾಸಕೋಶದಲ್ಲಿ ಮೊದಲೇ ಇದ್ದ ಮ್ಯಾಕ್ರೊಫೇಜ್ (ಕಸ, ರೋಗಾಣು ನುಂಗೋ ರಕ್ಷಣಾ ಕೋಶ) ಯಾವುದು, ರಕ್ತದಿಂದ ಬಂದದ್ದು ಯಾವುದು ಅಂತ ಬಿಡಿಸೋಕೆ ಆಗ್ತಿಲ್ಲ. ನೀವೆಲ್ಲ ಹೇಗೆ ಮಾಡ್ತೀರಿ?

ಉತ್ತರ: ಮೊದಲು ಮರಿಗೆ ಎಷ್ಟು ದಿನ ನೋಡಿ. ದೊಡ್ಡ ಇಲಿಯ ಗೇಟಿಂಗ್ (ಗುರುತು ನೋಡಿ ಕೋಶಗಳನ್ನು ಗುಂಪು ಮಾಡೋ ರೀತಿ) ಇಲ್ಲಿ ನಡೆಯೋದಿಲ್ಲ. ಆಲ್ವಿಯೋಲಾರ್ ಮ್ಯಾಕ್ರೊಫೇಜ್‌ಗಳು (ಶ್ವಾಸಕೋಶದ ಗಾಳಿಗೂಡಿನಲ್ಲಿ ನೆಲೆಸಿರೋವು) ಭ್ರೂಣದ ಪಿತ್ತಜನಕಾಂಗದ ಮೊನೊಸೈಟ್‌ಗಳಿಂದ (ಮ್ಯಾಕ್ರೊಫೇಜ್ ಆಗಬಲ್ಲ ಬಿಳಿ ರಕ್ತಕಣ) ಬಂದು, ಹುಟ್ಟಿದ ಮೊದಲ ವಾರದಲ್ಲಿ ಪಕ್ವವಾಗುತ್ತವೆ. ಹುಟ್ಟಿದ ದಿನ ಅವುಗಳ ಮೇಲೆ ಸಿಗ್ಲೆಕ್-ಎಫ್ ಅನ್ನೋ ಗುರುತಿನ ಪ್ರೋಟೀನ್ ತುಂಬಾ ಕಡಿಮೆ. 3ನೇ ದಿನದ ಹೊತ್ತಿಗೆ ಸಿಗ್ಲೆಕ್-ಎಫ್, ಸಿಡಿ11ಸಿ (ಇನ್ನೊಂದು ಗುರುತು) ಎರಡೂ ಚೆನ್ನಾಗಿ ಕಾಣುತ್ತವೆ. ಹುಟ್ಟಿದ ದಿನವೇ 'ಸಿಗ್ಲೆಕ್-ಎಫ್ ಇಲ್ಲ, ಹಾಗಾದ್ರೆ ಹೊರಗಿಂದ ಬಂದದ್ದು' ಅಂತ ಬರೆದರೆ ಕತೆ ಮುಗೀತು. ಪ್ರತಿ ದಿನಕ್ಕೂ ಸಾಮಾನ್ಯ ಗಾಳಿಯಲ್ಲಿ ಬೆಳೆದ, ಅದೇ ವಯಸ್ಸಿನ ಮರಿಗಳ ಜೊತೆ ಹೋಲಿಸಿ.

ಇನ್ನೊಂದು ಉತ್ತರ: ಇಯೊಸಿನೊಫಿಲ್ ಅನ್ನೋ ಬಿಳಿ ರಕ್ತಕಣಗಳಲ್ಲೂ ಸಿಗ್ಲೆಕ್-ಎಫ್ ಇರುತ್ತೆ, ಹುಷಾರು. ಅವುಗಳಲ್ಲಿ ಸಿಡಿ11ಸಿ ಕಡಿಮೆ, ಅದರಿಂದ ಬೇರೆ ಮಾಡಬಹುದು. ಆಲ್ವಿಯೋಲಾರ್ ಮ್ಯಾಕ್ರೊಫೇಜ್‌ಗಳು ಬಣ್ಣ ಹಾಕದಿದ್ದರೂ ತಾವೇ ಹೊಳೆಯುತ್ತವೆ, ಅದಕ್ಕೆ ಒಂದು ಚಾನೆಲ್ (ಯಂತ್ರ ಒಂದು ಬಣ್ಣ ಓದೋ ಜಾಗ) ಖಾಲಿ ಬಿಟ್ಟಿರಿ. ಇನ್ನು ರಕ್ತ. ಎಷ್ಟೇ ತೊಳೆದರೂ ಶ್ವಾಸಕೋಶದ ಸಣ್ಣ ರಕ್ತನಾಳಗಳಲ್ಲಿ ಕೋಶಗಳು ಉಳಿದೇ ಉಳಿಯುತ್ತವೆ. ಅಂಗಾಂಶ ತೆಗೆಯೋ ಕೆಲವೇ ನಿಮಿಷ ಮೊದಲು ರಕ್ತನಾಳಕ್ಕೆ ಬಣ್ಣ ಹಚ್ಚಿದ ಸಿಡಿ45 ಆಂಟಿಬಾಡಿ (ಬಿಳಿ ರಕ್ತಕಣಗಳಿಗೆ ಅಂಟುವಂಥದ್ದು) ಕೊಟ್ಟರೆ ನಾಳದೊಳಗಿನವು ಬಣ್ಣ ಹಿಡಿಯುತ್ತವೆ, ಅಂಗಾಂಶ ಸೇರಿದವು ಹಿಡಿಯೋದಿಲ್ಲ. ಮರಿಯ ನಾಳಕ್ಕೆ ಸೂಜಿ ಹಾಕೋದು ಮಾತ್ರ ತಾಳ್ಮೆಯ ಕೆಲಸ.

ಕೇಳಿದವರು: ಹಾಗಾದ್ರೆ ಬಣ್ಣ ಹಿಡಿಯದ್ದೆಲ್ಲ ಅಲ್ಲಿಯದೇ, ಅಲ್ವಾ?

ಉತ್ತರ: ಇಲ್ಲ. ನಿನ್ನೆ ಬಂದು ಸೇರಿದ್ದೂ ಬಣ್ಣ ಹಿಡಿಯೋದಿಲ್ಲ. ಮೂಲ ಗೊತ್ತಾಗಬೇಕು ಅಂದ್ರೆ ಸಿಸಿಆರ್2 ಕ್ರೀ-ಇಆರ್ ತರಹದ ಇಲಿ (ಟಮಾಕ್ಸಿಫೆನ್ ಔಷಧಿ ಕೊಟ್ಟಾಗ ಮೊನೊಸೈಟ್‌ಗಳಿಗೆ ಅಳಿಸದ ಗುರುತು ಬೀಳೋ ಹಾಗೆ ಜೀನ್ ಬದಲಿಸಿದ್ದು), ಟಮಾಕ್ಸಿಫೆನ್ ಬೇಕು. ಹುಟ್ಟಿದ ಹೊಸತರಲ್ಲೇ ಟಮಾಕ್ಸಿಫೆನ್ ಕೊಟ್ಟರೆ ಭ್ರೂಣದ ಮೊನೊಸೈಟ್‌ಗಳೂ ಗುರುತಾಗಿಬಿಡಬಹುದು, ದಿನ ಯೋಚಿಸಿ ಆರಿಸಿ. ಶ್ರಮ ಜಾಸ್ತಿ, ಆದರೆ ಬಿಡೋ ಹಾಗಿಲ್ಲ. ದೊಡ್ಡ ಇಲಿಗಳ ಫೈಬ್ರೋಸಿಸ್‌ನಲ್ಲಿ ಗಾಯದ ಅಂಗಾಂಶ ಬೆಳೆಸೋದು ಮುಖ್ಯವಾಗಿ ಹೊಸದಾಗಿ ಬಂದವೇ.

ಮತ್ತೊಂದು ಉತ್ತರ: ಮ್ಯಾಕ್ರೊಫೇಜ್ ಒಂದನ್ನೇ ಎಣಿಸಿ ಸುಮ್ನೆ ಕೂರಬೇಡಿ, ನೆರೆಹೊರೆ ನೋಡಿ. ಟೈಪ್ 2 ಎಪಿಥೀಲಿಯಲ್ ಕೋಶ (ಗಾಳಿಗೂಡಿನ ಒಳಪದರದ್ದು) ಕೊಡೋ ಜಿಎಂ-ಸಿಎಸ್‌ಎಫ್ ಅನ್ನೋ ಸಂಕೇತದ ಪ್ರೋಟೀನ್ ಇಲ್ಲದಿದ್ದರೆ ಈ ಮ್ಯಾಕ್ರೊಫೇಜ್ ತಯಾರಾಗೋದೇ ಇಲ್ಲ. ದೊಡ್ಡ ಮನುಷ್ಯರಲ್ಲೂ ಈ ಜಿಎಂ-ಸಿಎಸ್‌ಎಫ್ ವಿರುದ್ಧ ಆಂಟಿಬಾಡಿ ಬಂದರೆ ಸರ್ಫ್ಯಾಕ್ಟೆಂಟ್ (ಗಾಳಿಗೂಡು ಮುಚ್ಚಿಕೊಳ್ಳದಂತೆ ಕಾಯೋ ಪದಾರ್ಥ) ತೆಗೆಯುವವರಿಲ್ಲದೆ ಗಾಳಿಗೂಡಿನಲ್ಲಿ ತುಂಬಿಕೊಳ್ಳುತ್ತೆ. ಬೇಸೊಫಿಲ್, ಐಎಲ್‌ಸಿ2 ಅನ್ನೋ ಬೇರೆ ರಕ್ಷಣಾ ಕೋಶಗಳೂ ಇದೇ ಮೊದಲ ವಾರಗಳಲ್ಲಿ ಮ್ಯಾಕ್ರೊಫೇಜ್‌ನ ಸ್ವಭಾವ ತಿದ್ದುತ್ತವೆ. ಪ್ಯಾನೆಲ್‌ನಲ್ಲಿ (ನೀವು ಬಳಸೋ ಆಂಟಿಬಾಡಿಗಳ ಪಟ್ಟಿ) ಅವಕ್ಕೂ ಜಾಗ ಬಿಡಿ.

ಅಂದಹಾಗೆ ತಾಯಿ ಇಲಿಯನ್ನು ಆಮ್ಲಜನಕದ ಪೆಟ್ಟಿಗೆಯಲ್ಲೇ ಬಿಡ್ತಿಲ್ಲ ತಾನೆ? ಅದರ ಶ್ವಾಸಕೋಶಕ್ಕೂ ಪೆಟ್ಟಾಗುತ್ತೆ, ಆಮೇಲೆ ಮರಿಗಳಿಗೆ ಹಾಲು ಸಾಲೋದಿಲ್ಲ. ಎರಡು ತಾಯಿಯರನ್ನು ದಿನಕ್ಕೊಮ್ಮೆ ಅದಲುಬದಲು ಮಾಡಿ.