‘ಎಥಿಕ್ಸ್’ ಅಂದರೆ ನೀತಿಯೋ, ನಡತೆಯೋ? ವಾಟರ್‌ಗೇಟ್ ಬರಹದಲ್ಲಿ ಸಿಕ್ಕಿಕೊಂಡಿದ್ದೇನೆ

ಗೆಳೆಯರೇ,

ಅಮೆರಿಕದ ಅಧ್ಯಕ್ಷ ನಿಕ್ಸನ್ ಅವರ ಕುರ್ಚಿ ಕಳೆದ ವಾಟರ್‌ಗೇಟ್ ಹಗರಣದ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಕಥೆಯ ಭಾಗ ಸಲೀಸಾಗಿ ಬಂತು. 1972ರ ಜೂನ್ 17ರ ನಸುಕಿನಲ್ಲಿ ವಾಷಿಂಗ್ಟನ್‌ನ ವಾಟರ್‌ಗೇಟ್ ಕಟ್ಟಡದಲ್ಲಿ ನಿಕ್ಸನ್ ಅವರ ಎದುರಾಳಿ ಡೆಮಾಕ್ರಟಿಕ್ ಪಕ್ಷದ ಕಚೇರಿಗೆ ನುಗ್ಗಿದ್ದ ಐವರು ಸಿಕ್ಕಿಬಿದ್ದರು. ಬಾಗಿಲ ಚಿಲಕಕ್ಕೆ ಟೇಪು ಅಂಟಿಸಿದ್ದನ್ನು ಕಾವಲುಗಾರನೊಬ್ಬ ಗಮನಿಸಿದ್ದ, ಅಷ್ಟೇ. ಅಲ್ಲಿಂದ ಹಿಡಿದು 1974ರ ಆಗಸ್ಟ್ 9ರಂದು ಅಧ್ಯಕ್ಷ ನಿಕ್ಸನ್ ಕುರ್ಚಿ ಬಿಡುವ ತನಕ ಪದಗಳಿಗೆ ಪರದಾಡಲಿಲ್ಲ. ಆಮೇಲೆ ಏನಾಯಿತು ಅಂತ ಬರೆಯಲು ಹೊರಟಾಗ ಪೆನ್ನು ನಿಂತಿತು.

1978ರಲ್ಲಿ ಅಮೆರಿಕದಲ್ಲಿ ‘ಎಥಿಕ್ಸ್ ಇನ್ ಗವರ್ನಮೆಂಟ್ ಆಕ್ಟ್’ ಬಂತು. ಅದರ ಕೆಳಗೆ ‘ಆಫೀಸ್ ಆಫ್ ಗವರ್ನಮೆಂಟ್ ಎಥಿಕ್ಸ್’ ಅನ್ನುವ ಕಚೇರಿ ಹುಟ್ಟಿತು. ಇದನ್ನು ಕನ್ನಡದಲ್ಲಿ ಏನನ್ನೋಣ?

ಮೊದಲು ‘ಸರ್ಕಾರಿ ನೀತಿ ಕಚೇರಿ’ ಅಂತ ಬರೆದೆ. ಮತ್ತೆ ಓದಿದಾಗ ನನಗೇ ನಗು ಬಂತು. ಶಿಕ್ಷಣ ನೀತಿ, ಕೈಗಾರಿಕಾ ನೀತಿ, ವಿದೇಶಾಂಗ ನೀತಿ... ಸರ್ಕಾರದ ಪಕ್ಕ ಕೂತರೆ ಸಾಕು, ‘ನೀತಿ’ ತಾನಾಗಿ ‘ಪಾಲಿಸಿ’ ಆಗಿಬಿಡುತ್ತದೆ. ಆದರೆ ಚುನಾವಣೆ ಬಂದಾಗ ‘ನೀತಿ ಸಂಹಿತೆ’ ಅನ್ನುತ್ತೇವಲ್ಲ, ಅಲ್ಲಿ ಪಾಲಿಸಿಯ ಅರ್ಥ ಯಾರಿಗೂ ಹೊಳೆಯುವುದಿಲ್ಲ. ಅಂದರೆ ಪದ ಇನ್ನೂ ಪೂರ್ತಿ ಕೈತಪ್ಪಿಲ್ಲ.

‘ನೈತಿಕತೆ’ ಹಾಕಿ ನೋಡಿದೆ. ‘ಅನೈತಿಕ ಸಂಬಂಧ’ ಅಂತ ಬರೆದೂ ಬರೆದೂ ಪತ್ರಿಕೆಗಳು ಆ ಪದವನ್ನು ಮಲಗುವ ಕೋಣೆಗೆ ಕಟ್ಟಿಹಾಕಿವೆ. ಅಧ್ಯಕ್ಷ ಕ್ಲಿಂಟನ್ ಅವರ ಪ್ರಣಯದ ವಿಚಾರವಾಗಿದ್ದರೆ ಒಗ್ಗುತ್ತಿತ್ತೇನೋ!

ಈಗ ಮನಸ್ಸು ‘ನಡತೆ’ಯ ಕಡೆ ವಾಲಿದೆ. ನಮ್ಮ ರಾಜ್ಯದ ನೌಕರರಿಗೂ ‘ಸಿವಿಲ್ ಸೇವಾ (ನಡತೆ) ನಿಯಮಗಳು’ ಇವೆ. ಅಡ್ಡಿ ಒಂದೇ: ಶಾಲೆ ಬಿಡುವಾಗ ಕೊಡುವ ನಡತೆ ಪ್ರಮಾಣಪತ್ರ ನೆನಪಾಗುತ್ತದೆ.

ಅಮೆರಿಕದ ಆ 1978ರ ಕಾನೂನು ಯಾರನ್ನೂ ‘ಒಳ್ಳೆಯವನಾಗು’ ಅನ್ನುವುದಿಲ್ಲ. ‘ತೋರಿಸು’ ಅನ್ನುತ್ತದೆ. ಅಧ್ಯಕ್ಷರೂ ಸೇರಿ ದೊಡ್ಡ ಹುದ್ದೆಯವರು ವರ್ಷ ವರ್ಷ ತಮ್ಮ ವರಮಾನ, ಆಸ್ತಿ, ಸಾಲ ಎಲ್ಲವನ್ನೂ ಜನರ ಮುಂದಿಡಬೇಕು. 1973ರ ಅಕ್ಟೋಬರ್‌ನಲ್ಲಿ ನಿಕ್ಸನ್ ತಮ್ಮ ಮೇಲೆಯೇ ತನಿಖೆ ಮಾಡುತ್ತಿದ್ದ ಆರ್ಚಿಬಾಲ್ಡ್ ಕಾಕ್ಸ್ ಅವರನ್ನು ಕಿತ್ತುಹಾಕಿಸಿದ್ದರು. ಇನ್ನು ಮುಂದೆ ಅಂಥ ವಿಶೇಷ ತನಿಖಾಧಿಕಾರಿಯನ್ನು ನ್ಯಾಯಾಧೀಶರೇ ನೇಮಿಸಲಿ ಅಂತ ಅದೇ ಕಾನೂನು ಹೇಳಿತು (ಈ ಭಾಗ 1999ರಲ್ಲಿ ಮುಗಿದುಹೋಯಿತು). ಇದೆಲ್ಲ ನಂಬಿಕೆ ಕಳೆದುಕೊಂಡ ಮನೆಯಲ್ಲಿ ಬೀಗ ಹಾಕಿಸಿದ ಹಾಗೆ. ಸರ್ಕಾರವನ್ನು ಹೆಚ್ಚುಕಮ್ಮಿ ಯಾವಾಗಲೂ ಇಲ್ಲವೇ ಹೆಚ್ಚಿನ ಸಲ ನಂಬುತ್ತೇವೆ ಅಂದವರು ಅಮೆರಿಕದ 1964ರ ಸಮೀಕ್ಷೆಯಲ್ಲಿ ಶೇ. 77 ಇದ್ದರು, 1974ರಲ್ಲಿ ಶೇ. 36. ವಿಯೆಟ್ನಾಂ ಯುದ್ಧದ ಪಾಲೂ ಇದರಲ್ಲಿ ಇದೆ ಅನ್ನಿ. ಹಾಗಾಗಿ ಬರೀ ಗುಣವನ್ನು ಹೇಳುವ ಪದಕ್ಕಿಂತ ಲೆಕ್ಕ ಒಪ್ಪಿಸುವುದನ್ನೂ ಸೂಚಿಸುವ ಪದ ಸಿಕ್ಕರೆ ಚೆನ್ನ.

ಇದೇ ಗುಂಗಿನಲ್ಲಿ ‘ಹಗರಣ’ದ ಬೆನ್ನು ಹತ್ತಿದೆ. ಸಂಸ್ಕೃತದ ‘ಪ್ರಕರಣ’ ಕನ್ನಡದ ಬಾಯಲ್ಲಿ ‘ಪಗರಣ’ ಆಗಿ, ಪಕಾರ ಹಕಾರವಾಗಿ ‘ಹಗರಣ’ ಆಗಿದೆ. ವೇಷ, ಅಣಕದ ಆಟ ಅನ್ನುವುದು ಹಳೆಯ ಅರ್ಥ. ಅಂಕೋಲಾ ಕಡೆ ಸುಗ್ಗಿಯಲ್ಲಿ ಇವತ್ತಿಗೂ ಹಗರಣ ಅಂದರೆ ವೇಷ ಕಟ್ಟಿ ಊರವರನ್ನು ನಗಿಸುವ ಆಟವೇ. ಅಂದಮೇಲೆ ‘ವಾಟರ್‌ಗೇಟ್ ಪ್ರಕರಣ’, ‘ವಾಟರ್‌ಗೇಟ್ ಹಗರಣ’ ಎರಡೂ ಮೂಲದಲ್ಲಿ ಒಂದೇ! ಆದರೂ ಮೊದಲನೆಯದು ಪೊಲೀಸ್ ಠಾಣೆಯ ಮಾತು, ಎರಡನೆಯದು ಬೀದಿಯ ಮಾತು. ಮೊದಮೊದಲು ಶ್ವೇತಭವನದ ವಕ್ತಾರರು ಇದನ್ನು ಮೂರನೇ ದರ್ಜೆಯ ಕನ್ನ ಅಂತ ತಳ್ಳಿಹಾಕಿದ್ದರು. ಕನ್ನ, ಪ್ರಕರಣ, ಹಗರಣ: ಎರಡು ವರ್ಷದಲ್ಲಿ ಇದು ಏರಿದ ಮೆಟ್ಟಿಲುಗಳನ್ನು ಈ ಮೂರು ಪದಗಳಲ್ಲೇ ತೋರಿಸುವ ಆಸೆ ನನಗೆ.

ಒಂದು ತಕರಾರು. ‘ನೈತಿಕ ಹೊಣೆ ಹೊತ್ತು ರಾಜೀನಾಮೆ’ ಅಂತ ನಾವು ಕಣ್ಣುಮುಚ್ಚಿ ಬರೆಯುತ್ತೇವೆ. ದಯವಿಟ್ಟು ನಿಕ್ಸನ್‌ಗೆ ಅದನ್ನು ಅಂಟಿಸಬೇಡಿ. ಕಾಂಗ್ರೆಸ್‌ನಲ್ಲಿ (ಅಂದರೆ ಅಲ್ಲಿನ ಸಂಸತ್ತಿನಲ್ಲಿ) ತನಗೆ ಸಾಕಷ್ಟು ಬೆಂಬಲ ಉಳಿದಿಲ್ಲ ಅನ್ನುವುದೇ ಅವರು ಕೊಟ್ಟ ಕಾರಣ. ಅದರಲ್ಲಿ ನೈತಿಕವೂ ಇಲ್ಲ, ಹೊಣೆಯೂ ಇಲ್ಲ.

ಕೊನೆಗೆ ‘ಕವರ್-ಅಪ್’. ನಿಕ್ಸನ್ ಅವರನ್ನು ಬೀಳಿಸಿದ್ದು ಕನ್ನಕ್ಕಿಂತ ಜಾಸ್ತಿ ಇದೇ. ಗೂಢಚಾರ ಸಂಸ್ಥೆ ಸಿಐಎ ಮೂಲಕ, ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ ನಡೆಸುತ್ತಿದ್ದ ತನಿಖೆಗೆ ತಡೆ ಹಾಕಿಸುವ ಮಾತು, ಅವರು ತಮ್ಮ ಕಚೇರಿಯಲ್ಲಿ ತಾವೇ ಧ್ವನಿ ಮುದ್ರಿಸಿಕೊಂಡಿದ್ದ ಟೇಪಿನಲ್ಲಿ ಸಿಕ್ಕಿತು. ಕ್ರಿಯಾಪದಕ್ಕೆ ‘ಮುಚ್ಚಿಹಾಕು’ ಬಲು ಚೆನ್ನಾಗಿದೆ, ‘ಕೇಸು ಮುಚ್ಚಿಹಾಕಿದರು’ ಅಂತೀವಲ್ವಾ? ನಾಮಪದ ಬೇಕಾದಾಗಲೇ ಫಜೀತಿ. ‘ಮುಚ್ಚಿಹಾಕುವಿಕೆ’ ನಾಲಿಗೆಗೆ ಭಾರ. ‘ತಿಪ್ಪೆ ಸಾರಿಸುವುದು’ ಸೊಗಸಾಗಿದೆ, ಆದರೆ ಅದು ಬಾಯಿಮಾತಿನಲ್ಲಿ ಮಾಡುವ ಕೆಲಸ. ಸಿಕ್ಕಿಬಿದ್ದವರಿಗೆ ದುಡ್ಡು ಕೊಟ್ಟು ಬಾಯಿ ಮುಚ್ಚಿಸಿದ್ದು ಅದರೊಳಗೆ ಹಿಡಿಸುವುದಿಲ್ಲ.

ನಿಮ್ಮ ಊರಿನ ಕಡೆ ‘ಕವರ್-ಅಪ್’ಗೆ ಬೇರೆ ಮಾತೇನಾದರೂ ಇದೆಯೇ? ‘ನಡತೆ ಕಚೇರಿ’ ಅಂದರೆ ನಿಮಗೆ ಏನು ಹೊಳೆಯುತ್ತದೆ? ಅದನ್ನೂ ತಿಳಿಸಿ.